ಕೊಡಗಿನ ಮಳೆಗೆ ಮರದ ಮನೆ: ಮಾಡು, ಕಂಬ, ಅಟ್ಟಕ್ಕೆ ಮರ ಹಾಕಬಹುದಾ?

ಚೇರಂಬಾಣೆ_ತೋಟ

ಎಲ್ಲರಿಗೂ ನಮಸ್ಕಾರ. ಚೇರಂಬಾಣೆ ಹತ್ತಿರ ನಮ್ಮ ತೋಟದಲ್ಲೇ ಹೊಸ ಮನೆ ಕಟ್ಟಬೇಕು ಅಂತ ಇದ್ದೇವೆ. ಕೆಳಗೆ ಮೂರು ಕೋಣೆ, ಮೇಲೆ ಒಂದು. ಕಂಟ್ರಾಕ್ಟರ್ ಕೊಟ್ಟ ಪ್ಲಾನಿನಲ್ಲಿ ಎಲ್ಲವೂ ಆರ್‌ಸಿಸಿ. ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಕಬ್ಬಿಣದ ಟ್ರಸ್, ಅದರ ಮೇಲೆ ಶೀಟ್. ಸ್ಲ್ಯಾಬ್ ಹಾಕಿದ ಮೇಲೂ ಶೀಟ್ ಯಾಕೆ ಅಂತ ಕೇಳಿದೆ. "ನಮ್ಮ ಮಳೆಗೆ ಸ್ಲ್ಯಾಬ್ ಸೋರದೆ ಇರುವುದಿಲ್ಲ ಮೇಡಂ" ಅಂದರು. ಹಾಗಾದರೆ ಒಂದು ಮನೆಗೆ ಎರಡು ಮಾಡಿನ (ಛಾವಣಿಯ) ಖರ್ಚು ಯಾಕೆ ಅಂತ ಅವತ್ತಿನಿಂದ ತಲೆಯಲ್ಲಿ ಓಡುತ್ತಿದೆ.

ನಮ್ಮ ಹತ್ತಿರ ಮರ ಇದೆ. ಹಳೆ ಮನೆ ಬಿಚ್ಚಿದಾಗ ತೆಗೆದಿಟ್ಟ ತೊಲೆ, ಪಕ್ಕಾಸು (ಹೆಂಚಿನ ಭಾರ ಹೊರುವ ಇಳಿಜಾರು ಮರ) ಕೊಟ್ಟಿಗೆಯ ಅಟ್ಟದಲ್ಲಿವೆ. ಹೋದ ಮಳೆಗಾಲದ ಗಾಳಿಗೆ ಬಿದ್ದ ದೊಡ್ಡ ಹಲಸಿನ ಮರ ಇದೆ. ಸಿಲ್ವರ್ ಓಕ್ ಬೇಕಾದಷ್ಟಿದೆ. ಅತ್ತೆಗೆ ಮರದ ಮಾಡೇ ಆಗಬೇಕು. ಮಗನಿಗೆ ಗೆದ್ದಲಿನ ಭಯ, ಬೆಂಕಿಯ ಭಯ. ತಿಳಿದವರು ದಯವಿಟ್ಟು ಹೇಳಿ. ಸುಮ್ನೆ ಹಳೆ ಕಾಲದ ಆಸೆಗೆ ಕೇಳುತ್ತಿಲ್ಲ. ಇನ್ನು ಮುಂದೆ ನಾವು ಇರುವ ಮನೆ ಅದೇ.

ಮುಚ್ಚಿಗೆ_ಕೆಲಸ

ಅಕ್ಕ, ನಮ್ಮದು ಆಚಾರಿ ಕೆಲಸದ ಮನೆ. ಹಳೆ ಮನೆಗಳನ್ನು ಬಿಚ್ಚುವುದು, ದುರಸ್ತಿ ಮಾಡುವುದು, ಮತ್ತೆ ಜೋಡಿಸುವುದೇ ನನ್ನ ಕಸುಬು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಪ್ರಶ್ನೆಗೆ ಉತ್ತರ, ಹಾಕಬಹುದು. ಖಂಡಿತ ಹಾಕಿ. ಮಳೆ ಜಾಸ್ತಿ ಇರುವ ಊರಿಗೆ ಮರ ಆಗುವುದಿಲ್ಲ ಅನ್ನುವುದು ಈಚೆಗೆ ಬಂದ ಮಾತು. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ನೋಡಿದ್ದೀರಲ್ವಾ? ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅಲ್ಲಿ ಎಷ್ಟು ನೀರು ಬೀಳುತ್ತದೆ ಅಂತ ನಿಮಗೇ ಗೊತ್ತು. ಅದರ ಕೆತ್ತನೆಯ ಮರ ಇವತ್ತಿಗೂ ನಿಂತಿದೆ. ನಮ್ಮ ಐನ್‌ಮನೆಗಳೂ (ಕುಟುಂಬದ ಮೂಲ ಮನೆಗಳು) ಹಾಗೆಯೇ. ಕಯ್ಯಾಲೆಯ (ಮುಂದಿನ ಜಗಲಿಯ) ಕಂಬ, ಕಂಬಗಳ ನಡುವೆ ಕೂರುವ ಹಲಗೆ ಐಮರ, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ಬಾಗಿಲು, ಎಲ್ಲವೂ ಮರವೇ. ತಲೆಮಾರುಗಳು ಕೂತು ಎದ್ದು ಐಮರ ನುಣುಪಾಗಿದೆ, ಕೊಳೆತಿಲ್ಲ.

ಯಾಕೆ ಕೊಳೆತಿಲ್ಲ ಅನ್ನುವುದು ಮುಖ್ಯ. ಮರವನ್ನು ಕೊಳೆಸುವುದು ಶಿಲೀಂಧ್ರ. ಮರದೊಳಗಿನ ತೇವ ಶೇ 20ಕ್ಕಿಂತ ಕೆಳಗಿದ್ದರೆ ಅದಕ್ಕೆ ಬೆಳೆಯಲು ಆಗುವುದಿಲ್ಲ. ಮಳೆಯ ಗಾಳಿ ತಾಗಿದ ಮಾತ್ರಕ್ಕೆ ಮರ ಆ ಮಟ್ಟ ದಾಟಿ ಅಲ್ಲೇ ಉಳಿಯುವುದಿಲ್ಲ. ನೀರು ನಿಂತರೆ, ಒಣಗಲು ದಾರಿ ಇಲ್ಲದಿದ್ದರೆ ದಾಟುತ್ತದೆ. ಹಳಬರು ಮಾಡಿದ್ದು ಇಷ್ಟೇ. ಮಾಡು ಕಡಿದಾಗಿ ಇಳಿಸಿದರು. ಸೂರು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿದರು. ಜಗಲಿ ಎತ್ತರ ಮಾಡಿದರು. ಕಂಬವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದರು. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು, ನೆನೆದದ್ದು ಒಣಗುತ್ತಿತ್ತು.

ನಾನು ಬಿಚ್ಚಿದ ಮನೆಗಳಲ್ಲಿ ಮರ ಕೆಟ್ಟಿದ್ದ ಜಾಗ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ. ಪಕ್ಕಾಸಿನ ತುದಿಯನ್ನು ಸಿಮೆಂಟ್ ಗೋಡೆಯೊಳಗೆ ಹುಗಿದ ಕಡೆ. ಹೆಂಚು ಒಡೆದು ವರ್ಷಗಟ್ಟಲೆ ಹಾಗೇ ಬಿಟ್ಟ ಕಡೆ. ಕಂಬದ ಬುಡಕ್ಕೆ ಆಮೇಲೆ ಯಾರೋ ಟೈಲ್ಸ್ ಹಾಕಿ ಸಿಮೆಂಟ್ ತುಂಬಿದ ಕಡೆ. ಈ ಮೂರು ಜಾಗ ಕಾಪಾಡಿದರೆ ಉಳಿದ ಮರ ತನ್ನಷ್ಟಕ್ಕೆ ಇರುತ್ತದೆ.

ಇನ್ನೊಂದು ಮಾತು. ಪಕ್ಕಾಸು ಒಂದು ಹಾಳಾದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ತೊಲೆಯ ತುದಿ ಕೊಳೆತರೆ ಅಷ್ಟೇ ಕತ್ತರಿಸಿ ಹೊಸ ತುಂಡು ಕಚ್ಚು ಹಾಕಿ ಸೇರಿಸಬಹುದು. ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಉದುರಲು ಶುರುವಾದರೆ ಆ ರಿಪೇರಿ ಎಷ್ಟು ಕಷ್ಟ ಅಂತ ಮಾಡಿಸಿದವರನ್ನು ಕೇಳಿ. ನಿಮ್ಮ ಕೊಟ್ಟಿಗೆ ಅಟ್ಟದಲ್ಲಿರುವ ತೊಲೆಯನ್ನೇ ನೋಡಿ. ಒಂದು ಮನೆಯಲ್ಲಿ ಕೆಲಸ ಮುಗಿಸಿ ಇನ್ನೊಂದಕ್ಕೆ ತಯಾರಾಗಿ ಕೂತಿದೆ.

ಕುಶಾಲನಗರ_ಸಿವಿಲ್

ಮೇಡಂ, ನಾನು ಸಿವಿಲ್ ಇಂಜಿನಿಯರ್. ಮೇಲಿನವರ ಅನುಭವಕ್ಕೆ ಗೌರವ ಇದೆ. ಆದರೂ ಕೆಲವು ವಿಷಯ ನೀವು ಮೊದಲೇ ತಿಳಿದುಕೊಂಡಿರಬೇಕು.

ಹಳೆ ಮನೆಗಳಲ್ಲಿ ಕೋಣೆ ಚಿಕ್ಕದು. ಹತ್ತು, ಹನ್ನೆರಡು ಅಡಿ ಅಗಲ. ಈಗ ಎಲ್ಲರೂ ಇಪ್ಪತ್ತು ಅಡಿ ಹಾಲ್ ಕೇಳುತ್ತಾರೆ. ನಡುವೆ ಕಂಬ ಬೇಡ ಅನ್ನುತ್ತಾರೆ. ಅಷ್ಟು ಉದ್ದಕ್ಕೆ ಮರದ ತೊಲೆ ಹಾಕಿದರೆ ಮುರಿಯದೆ ಇರಬಹುದು, ಬಾಗುವುದು ಕಾಣುತ್ತದೆ. ಮರದ ತೊಲೆಯನ್ನು ಅಂದಾಜಿಗೆ ಹಾಕಬಾರದು. ಐಎಸ್ 883 ಅನ್ನುವ ಭಾರತೀಯ ಮಾನದಂಡ ಇದೆ. ಅದರಲ್ಲಿ ಕಟ್ಟಡದ ಮರಗಳನ್ನು ಎ, ಬಿ, ಸಿ ಅಂತ ಗುಂಪು ಮಾಡಿ ಯಾವುದಕ್ಕೆ ಎಷ್ಟು ಭಾರ ಕೊಡಬಹುದು ಅಂತ ಕೊಟ್ಟಿದ್ದಾರೆ. ಅದನ್ನು ನೋಡಿ ಲೆಕ್ಕ ಹಾಕುವ ಇಂಜಿನಿಯರ್ ಸಿಗುವುದು ಕಷ್ಟ. ಕಾಲೇಜಿನಲ್ಲಿ ನಮಗೆ ಕಾಂಕ್ರೀಟ್ ಮತ್ತು ಸ್ಟೀಲನ್ನು ಸೆಮಿಸ್ಟರ್‌ಗಟ್ಟಲೆ ಕಲಿಸಿದರು. ಮರಕ್ಕೆ ಅಷ್ಟು ಜಾಗ ಇರಲಿಲ್ಲ.

ಗಾಳಿಯ ವಿಷಯವೂ ಇದೆ. ಮರದ ಮಾಡು ಹಗುರ. ಹಗುರ ಅಂದರೆ ಜೂನ್, ಜುಲೈ ಗಾಳಿಗೆ ಮೇಲೇಳುವ ಅಪಾಯವೂ ಇದೆ. ಪಕ್ಕಾಸನ್ನು ಗೋಡೆಯ ಮೇಲಿನ ಅಡ್ಡತೊಲೆಗೆ, ಅಡ್ಡತೊಲೆಯನ್ನು ಗೋಡೆಗೆ ಬೋಲ್ಟ್ ಅಥವಾ ಪಟ್ಟಿ ಹಾಕಿ ಬಿಗಿಯಲೇಬೇಕು. ಬರೀ ಮೊಳೆ ಸಾಲದು. ಕಬ್ಬಿಣದ ಸಾಮಾನು ಸತುವಿನ ಲೇಪ ಇರುವುದೇ ಇರಲಿ, ಇಲ್ಲದಿದ್ದರೆ ನಮ್ಮ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಮರದ ಕಾಗದ ಪತ್ರ. ಅದು ದೊಡ್ಡ ಕಥೆ, ಗೊತ್ತಿರುವವರು ಹೇಳಲಿ.

ಮುಚ್ಚಿಗೆ_ಕೆಲಸ

ಸರ್ ಹೇಳಿದ ಗಾಳಿಯ ಮಾತು ನೂರಕ್ಕೆ ನೂರು ಸರಿ. ಅದನ್ನು ಬಿಡಬೇಡಿ ಅಕ್ಕ. ಹಾಲ್ ದೊಡ್ಡದು ಬೇಕಿದ್ದರೆ ನಡುವೆ ಎರಡು ಹಲಸಿನ ಕಂಬ ಕೊಡಿ. ಕಂಬ ಇರುವ ಹಾಲ್ ನಮ್ಮ ಊರಿಗೆ ಹೊಸದಲ್ಲ.

ಆದರೆ ಹಗುರ ಇರುವುದರ ಲಾಭವನ್ನೂ ಲೆಕ್ಕ ಹಾಕೋಣ. ಐದು ಇಂಚಿನ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಮಂಗಳೂರು ಹೆಂಚು, ರೀಪರ್ (ಹೆಂಚು ಕೂರುವ ಪಟ್ಟಿ), ಪಕ್ಕಾಸು ಎಲ್ಲ ಸೇರಿ 60 ಕಿಲೋ ಆಸುಪಾಸು. ಐದರಲ್ಲಿ ಒಂದು ಪಾಲು. ಅಷ್ಟು ಭಾರ ಇಳಿದರೆ ಗೋಡೆಗೆ ದಪ್ಪ ಕಡಿಮೆ ಸಾಕು, ಪಾಯಕ್ಕೂ ಖರ್ಚು ಕಡಿಮೆ. ಮಣ್ಣಿನ ಇಟ್ಟಿಗೆ ಗೋಡೆಯೂ ಸಾಕಾಗಬಹುದು. ಲಾರಿ ಬಾರದ ತೋಟದ ದಾರಿಯಲ್ಲಿ ಸಾಮಾನು ಹೊರುವವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಪೊನ್ನಂಪೇಟೆ_ಕಾಡು

ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದವನು ನಾನು. ಮರದ ಜಾತಿಯ ಬಗ್ಗೆ ಹೇಳುತ್ತೇನೆ. ಎಲ್ಲ ಮರವನ್ನೂ ಒಂದೇ ತರ ನೋಡಿದರೆ ಕೆಲಸ ಕೆಡುತ್ತದೆ.

ನಿಮ್ಮ ಹಲಸು ಬಂಗಾರ. ಕೆಚ್ಚು (ಒಳಗಿನ ಗಟ್ಟಿ) ಭಾಗ ಹಳದಿ, ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಗೆದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಕಂಬ, ದಾರಂದ, ಹೊಸ್ತಿಲು, ಕಿಟಕಿ ಚೌಕಟ್ಟಿಗೆ ಅದನ್ನೇ ಇಡಿ. ಹೆಬ್ಬಲಸು ಸಿಕ್ಕಿದರೆ ಅದೂ ಒಳ್ಳೆಯದು. ತೊಲೆಗೆ ಮತ್ತಿ, ನಂದಿ, ಹೊನ್ನೆ ಹಿಂದಿನಿಂದ ನಡೆದು ಬಂದ ಮರಗಳು. ತೇಗ ಎಲ್ಲರಿಗೂ ಗೊತ್ತು. ಬೀಟೆಯ ಆಸೆ ಬಿಟ್ಟುಬಿಡಿ. ಕಾಡಿನಲ್ಲಿ ಅದು ಕಡಿಮೆಯಾಗಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುಪಾಡು ಇದೆ. ಹಳೆ ಮನೆಯ ಬೀಟೆ ಇದ್ದರೆ ಜೋಪಾನ ಮಾಡಿ, ಹೊಸದು ಕಡಿಯಬೇಡಿ.

ಸಿಲ್ವರ್ ಓಕ್ ಬಗ್ಗೆ ಜನರಿಗೆ ತಾತ್ಸಾರ. ಅದು ಆಸ್ಟ್ರೇಲಿಯಾದಿಂದ ಬಂದ ಮರ, ನಾವು ನೆರಳಿಗೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟೆವು, ಬೆಳೆದ ಮೇಲೆ ಜಾಸ್ತಿ ಪಾಲು ಪ್ಲೈವುಡ್ ಫ್ಯಾಕ್ಟರಿಗೆ ಹೋಗುತ್ತದೆ. ಕುಯ್ದು ನುಣುಪು ಮಾಡಿದರೆ ಅದರ ಗೆರೆಗಳ ಚಂದವೇ ಬೇರೆ. ಆದರೆ ಬಾಳಿಕೆ ಕಡಿಮೆ. ನೆಲಕ್ಕೆ ತಾಗುವ ಕಡೆ, ಮಳೆ ಎರಚುವ ಕಡೆ ಹಾಕಲೇಬೇಡಿ. ಒಳಗಿನ ಮುಚ್ಚಿಗೆ (ಮಾಡಿನ ಕೆಳಗಿನ ಹಲಗೆ ಹೊದಿಕೆ), ಗೋಡೆಯ ಹಲಗೆ, ಬೀರು, ಮಂಚಕ್ಕೆ ಹಾಕಿ, ಅದೂ ಔಷಧಿ ಕೊಟ್ಟ ಮೇಲೆ. ಕುಯ್ಯುವಾಗ ಕೆಲವರಿಗೆ ಮೈ ತುರಿಕೆ ಬರುತ್ತದೆ, ಕೆಲಸದವರಿಗೆ ಮೊದಲೇ ಹೇಳಿ.

ಔಷಧಿ ಅಂದರೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್. ಎರಡನ್ನೂ ನೀರಿನಲ್ಲಿ ಕರಗಿಸಿ ಹಲಗೆಯನ್ನು ಮುಳುಗಿಸಿಡುವುದು. ಕುಟ್ಟೆ ಹುಳ (ಮರ ಕೊರೆಯುವ ಹುಳ), ಗೆದ್ದಲು ಎರಡನ್ನೂ ತಡೆಯುತ್ತದೆ, ಮನೆಯೊಳಗೆ ಇರುವವರಿಗೆ ತೊಂದರೆ ಕಡಿಮೆ. ಮಳೆಗೆ ತೊಳೆದು ಹೋಗುವುದರಿಂದ ಹೊರಗಿನ ಮರಕ್ಕೆ ಸಾಲದು. ಹೊರಗಿನದಕ್ಕೆ ಕರಾವಳಿ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಹುಷಾರು.

ಕುಟ್ಟೆ ಹುಳ ತಿನ್ನುವುದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು. ಅದರಲ್ಲಿ ಹಿಟ್ಟಿನ ಅಂಶ ಇರುತ್ತದೆ. ಸಾಮಿಲ್ಲಿನಲ್ಲಿ ಅಳತೆ ಉಳಿಸಲು ಬಿಳಿ ಭಾಗ ಸೇರಿಸಿ ಕುಯ್ಯುತ್ತಾರೆ. ಮುಂದೆ ನಿಂತು ಕೇಳಿ, ತೆಗೆಸಿ.

ಅಮ್ಮತ್ತಿ_ಮನೆ

ನನ್ನದು ಇಂಜಿನಿಯರಿಂಗ್ ಮಾತಲ್ಲ, ವಾಸ ಮಾಡುವವಳ ಮಾತು. ನಮ್ಮ ಮನೆಯಲ್ಲಿ ಒಂದು ಭಾಗ ಹಳೆಯದು, ಮರದ ಮುಚ್ಚಿಗೆ, ಹೆಂಚು. ಇನ್ನೊಂದು ಭಾಗ ಆಮೇಲೆ ಕಟ್ಟಿದ ಆರ್‌ಸಿಸಿ. ಜುಲೈನಲ್ಲಿ ಬಂದು ನೋಡಿ. ಆರ್‌ಸಿಸಿ ಕೋಣೆಯ ಗೋಡೆ ಬೆವರುತ್ತದೆ. ಬೀರುವಿನ ಬಟ್ಟೆಗೆ ಬೂಷ್ಟು. ಹಾಸಿಗೆ ತಣ್ಣಗೆ. ಹಳೆ ಕೋಣೆಯಲ್ಲಿ ತೇವ ಇಲ್ಲ ಅಂತ ಹೇಳುವುದಿಲ್ಲ, ಆದರೆ ಕೈ ಇಟ್ಟರೆ ಮರ ಬೆಚ್ಚಗಿರುತ್ತದೆ. ಮಕ್ಕಳು ಓದಲು ಕೂರುವುದು ಅಲ್ಲೇ. ಅತ್ತೆಯವರ ಮಂಡಿನೋವು ಮರದ ನೆಲದ ಕೋಣೆಯಲ್ಲಿ ಕಡಿಮೆ ಅಂತ ಅವರೇ ಹೇಳುತ್ತಾರೆ.

ಒಂದು ತೊಂದರೆ ಇದೆ. ಮೇಲೆ ನಡೆದರೆ ಕೆಳಗೆ ಸದ್ದು. ಚಿಕ್ಕ ಮಕ್ಕಳಿದ್ದರೆ ಅದು ಗೊತ್ತಿರಲಿ.

ಪೊನ್ನಂಪೇಟೆ_ಕಾಡು

ಅಕ್ಕ ಹೇಳಿದ್ದಕ್ಕೆ ಕಾರಣ ಇದೆ. ಶಾಖವನ್ನು ಮರ ಬಹಳ ನಿಧಾನಕ್ಕೆ ದಾಟಿಸುತ್ತದೆ. ಕಾಂಕ್ರೀಟ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೇಗ, ಕಬ್ಬಿಣ ಮುನ್ನೂರು ಪಟ್ಟಿಗೂ ಹೆಚ್ಚು ಬೇಗ. ಹಾಗಾಗಿ ಒಂದೇ ಕೋಣೆಯಲ್ಲಿ ಕಬ್ಬಿಣದ ಕಿಟಕಿ ಸರಳು ತಣ್ಣಗೆ, ಮರದ ಚೌಕಟ್ಟು ಬೆಚ್ಚಗೆ. ಮರ ಗಾಳಿಯ ತೇವವನ್ನು ಹೀರಿಕೊಂಡು ಗಾಳಿ ಒಣಗಿದಾಗ ವಾಪಸ್ ಬಿಡುತ್ತದೆ. ಅದರಿಂದ ನೀರು ಹನಿಗಟ್ಟುವುದು ಕಡಿಮೆ.

ಅದೇ ಗುಣದಿಂದ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ ಒಣ ಮರದ ತೇವವೂ ಶೇ 18–20ರ ತನಕ ಏರುತ್ತದೆ, ಬೇಸಿಗೆಯಲ್ಲಿ ಶೇ 10–11ಕ್ಕೆ ಇಳಿಯುತ್ತದೆ. ಒಂದಡಿ ಅಗಲದ ತೇಗದ ಹಲಗೆಯೂ ಇದರಲ್ಲಿ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಆಗಬಹುದು. ಹಾಗಾಗಿ ನೆಲಕ್ಕೆ, ಮುಚ್ಚಿಗೆಗೆ ಅಗಲ ಕಡಿಮೆಯ ಹಲಗೆ ಹಾಕಿ, ಒಂದು ಅಂಚಿನಲ್ಲಿ ನಾಲಗೆ, ಇನ್ನೊಂದರಲ್ಲಿ ತೋಡು ತೆಗೆದು ಜೋಡಿಸಿ, ಗೋಡೆಯ ಹತ್ತಿರ ಸಂದು ಬಿಡಿ. ಮಳೆಗಾಲದಲ್ಲಿ ಬಾಗಿಲು ಬಿಗಿ ಬಂತು ಅಂತ ಕೂಡಲೇ ಕೀಸಿಬಿಡಬೇಡಿ. ಜನವರಿಗೆ ಸಂದು ಬೀಳುತ್ತದೆ.

ಚೇರಂಬಾಣೆ_ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗ ಓದುತ್ತಿದ್ದಾನೆ. ಬೆಂಕಿಯ ಬಗ್ಗೆ ಯಾರೂ ಹೇಳಿಲ್ಲ ಅಂತಾನೆ.

ಕುಶಾಲನಗರ_ಸಿವಿಲ್

ಅದನ್ನು ನಾನೇ ಹೇಳುತ್ತೇನೆ, ಮರದ ಪರವಾಗಿ. ದಪ್ಪ ತೊಲೆಗೆ ಬೆಂಕಿ ತಾಗಿದರೆ ಹೊರಗೆ ಇದ್ದಿಲಿನ ಪದರ ಕಟ್ಟುತ್ತದೆ. ಆ ಪದರ ಒಳಗಿನ ಮರಕ್ಕೆ ಶಾಖ ಹೋಗದಂತೆ ತಡೆಯುತ್ತದೆ. ಸುಡುವುದು ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಆಳ. ಅರ್ಧ ಗಂಟೆ ಉರಿದರೂ ಆರು ಇಂಚು ಅಗಲದ ತೊಲೆಯಲ್ಲಿ ನಾಲ್ಕು ಇಂಚಿನ ಮೇಲೆ ಗಟ್ಟಿ ಮರ ಉಳಿದಿರುತ್ತದೆ. ಮನೆಯವರು ಹೊರಗೆ ಬರಲು ಸಮಯ ಸಿಗುತ್ತದೆ. ರಕ್ಷಣೆ ಇಲ್ಲದ ಕಬ್ಬಿಣ 550–600 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅರ್ಧದಷ್ಟು ಬಲ ಕಳೆದುಕೊಂಡು ಬಾಗುತ್ತದೆ.

ಆದರೆ ತೆಳು ಹಲಗೆ, ರೀಪರ್ ಬೇಗ ಹತ್ತಿಕೊಳ್ಳುತ್ತವೆ. ಮುಚ್ಚಿಗೆಯ ಮೇಲೆ ವೈರ್ ಎಳೆಯುವಾಗ ಪೈಪಿನೊಳಗೇ ಹೋಗಲಿ. ಒಳ್ಳೆ ಎಂಸಿಬಿ (ತಾನೇ ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿ. ಇಲಿ ಕಡಿದ ವೈರೇ ಅಟ್ಟದಲ್ಲಿ ಬೆಂಕಿಗೆ ಕಾರಣ ಆಗುವುದುಂಟು. ಅಡುಗೆಮನೆಯ ಒಲೆಯ ಮೇಲ್ಭಾಗ ಮಾತ್ರ ಮರ ಬೇಡ.

ಈಗ ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟೋರ್ನೆಟ್ ಅನ್ನುವ ಮರದ ಕಟ್ಟಡ 18 ಮಹಡಿ, ಅಮೆರಿಕದ ಮಿಲ್ವಾಕಿಯಲ್ಲಿ 2022ರ ಅಸೆಂಟ್ 25 ಮಹಡಿ. ಎರಡರಲ್ಲೂ ಹಲಗೆಗಳನ್ನು ಅಂಟಿಸಿ ಮಾಡಿದ ದಪ್ಪ ಮರ ಇದೆ, ಅಲ್ಲಿನ ಬೆಂಕಿಯ ನಿಯಮ ದಾಟಿಯೇ ಕಟ್ಟಿದ್ದು. ನಮ್ಮ ಇಲಾಖೆಗಳೂ ಬದಲಾಗಿವೆ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಿಗೆ ಮರ ಬೇಡ ಅಂದಿತ್ತು. 2020ರಲ್ಲಿ ಆ ನಿಷೇಧ ತೆಗೆದು ಹಾಕಿತು.

ಹಟ್ಟಿಹೊಳೆ_ದಾರಿ

ಒಂದು ಮಾತು ಕೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಕುಸಿದು ಮನೆಗಳು ಹೋದದ್ದನ್ನು ಹತ್ತಿರದಿಂದ ನೋಡಿದವರು ನಾವು. ಮರದ ಹಗುರ ಮನೆ ಅಂದರೆ ಹೆದರಿಕೆ. ಮತ್ತೆ ಮರ ಕಡಿದರೆ ಗುಡ್ಡ ಇನ್ನೂ ಸಡಿಲ ಆಗುವುದಿಲ್ವಾ? ಕಾವೇರಿ ಹುಟ್ಟುವ ಜಾಗದಲ್ಲಿ ಕೂತು ಮರದ ಮನೆ ಕಟ್ಟಿ ಅಂತ ಹೇಳುವುದು ಸರಿಯಾ?

ಪೊನ್ನಂಪೇಟೆ_ಕಾಡು

ಅಣ್ಣ, ನಿಮ್ಮ ಪ್ರಶ್ನೆ ಇಡೀ ಚರ್ಚೆಯಲ್ಲೇ ದೊಡ್ಡದು. ಎರಡೂ ಭಾಗಕ್ಕೆ ಬೇರೆ ಬೇರೆ ಉತ್ತರ.

ಗುಡ್ಡ ಕುಸಿದು ಬಂದರೆ ಮರದ ಮನೆಯೂ ಉಳಿಯುವುದಿಲ್ಲ, ಕಾಂಕ್ರೀಟ್ ಮನೆಯೂ ಉಳಿಯುವುದಿಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಮತ್ತೆ ಅದನ್ನೇ ನೋಡಿದೆವು. ಅಲ್ಲಿ ನೋಡಬೇಕಾದ್ದು ಜಾಗ. ಬೆಟ್ಟದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಸಮತಟ್ಟು ಮಾಡಿ, ನೀರು ಹೋಗುವ ದಾರಿ ಮುಚ್ಚಿ ಕಟ್ಟಿದರೆ ಯಾವ ಸಾಮಾನೂ ಕಾಯುವುದಿಲ್ಲ. ಆದರೆ ಇಲ್ಲೂ ಮರಕ್ಕೆ ಒಂದು ಲಾಭ ಇದೆ. ಹಗುರ ಮನೆಯನ್ನು ಕಂಬಗಳ ಮೇಲೆ ಇಳಿಜಾರಿಗೆ ತಕ್ಕಂತೆ ನಿಲ್ಲಿಸಬಹುದು, ಅಷ್ಟು ಮಣ್ಣು ಕಡಿಯಬೇಕಾಗಿಲ್ಲ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ನಡುಗಿದ್ದು ನೆನಪಿರಬಹುದು. ಸಣ್ಣದೇ ಆಗಿತ್ತು. ನಡುಗುವಾಗ ತಲೆಯ ಮೇಲಿನ ಭಾರ ಕಡಿಮೆ ಇದ್ದಷ್ಟೂ, ಜೋಡಣೆ ಸ್ವಲ್ಪ ಬಾಗಿ ಕೊಡುವಂತಿದ್ದಷ್ಟೂ ಒಳ್ಳೆಯದು.

ಇನ್ನು ಮರ ಕಡಿಯುವ ಮಾತು. ಕಾಡಿನ ಮರ ಮುಟ್ಟಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಗುಡ್ಡದ ಬದಿಯನ್ನು ಬೋಳು ಮಾಡಿದರೆ ಮಣ್ಣು ಹೋಗುತ್ತದೆ, ಅದು ನಿಜ. ತೋಟದಲ್ಲಿ ಹಣ್ಣಾದ ಮರವನ್ನು ಆರಿಸಿ ತೆಗೆದು ಆ ಜಾಗಕ್ಕೆ ಸಸಿ ನೆಡುವುದು ಬೇರೆ. ಒಣ ಮರದ ತೂಕದಲ್ಲಿ ಅರ್ಧ ಇಂಗಾಲ. ಒಂದು ಘನ ಮೀಟರ್ ಮರ, ಅಂದರೆ 35 ಘನ ಅಡಿ, ಗಾಳಿಯಿಂದ ಹೀರಿಕೊಂಡ ಸುಮಾರು 900 ಕಿಲೋ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡಿರುತ್ತದೆ. ಮನೆ ನಿಂತಿರುವಷ್ಟು ಕಾಲ ಅದು ತೊಲೆಯಲ್ಲೇ ಇರುತ್ತದೆ. ಅದೇ ಮರ ಸೌದೆಯಾದರೆ ಒಂದು ಚಳಿಗಾಲಕ್ಕೆ ವಾಪಸ್. ಸಿಮೆಂಟಿನ ಕಡೆ ನೋಡಿ, ಪ್ರಪಂಚದ ಇಂಗಾಲದ ಹೊಗೆಯಲ್ಲಿ ಶೇ 7–8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ.

ನನಗೆ ನೋವಾಗುವುದು ಇನ್ನೊಂದು ವಿಷಯಕ್ಕೆ. ನಮ್ಮ ತೋಟಗಳಲ್ಲಿ ಮತ್ತಿ, ನಂದಿ, ಹೊನ್ನೆ, ಹಲಸು ಕಡಿಮೆಯಾಗಿ ಎಲ್ಲ ಕಡೆ ಸಿಲ್ವರ್ ಓಕ್ ಸಾಲು ನಿಂತಿದೆ. ಯಾಕೆ? ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಡಿದು ಮಾರುವುದು ಸುಲಭ. ಊರಿನ ಮರ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಅದನ್ನು ಕಡಿಯುವ ಹಕ್ಕು ಸಿಗುತ್ತದಾ ಅಂತ ಬೆಳೆಗಾರನಿಗೆ ನಂಬಿಕೆ ಇಲ್ಲ. ತನ್ನ ಮನೆಗೆ, ತನ್ನ ಮಕ್ಕಳ ಮನೆಗೆ ಬೇಕು ಅಂತ ಗೊತ್ತಿದ್ದರೆ ಮನುಷ್ಯ ಹಲಸು ನೆಡುತ್ತಾನೆ, ಹೆಬ್ಬಲಸು ನೆಡುತ್ತಾನೆ. ಮರದ ಮನೆ ಕಟ್ಟುವ ರೂಢಿ ಉಳಿದರೆ ತೋಟದಲ್ಲಿ ಊರಿನ ಮರ ಉಳಿಯಲು ಅದೇ ಒಂದು ಕಾರಣ ಆಗುತ್ತದೆ. ಕಾಡಿನ ಜನ, ಬೆಳೆಗಾರರು, ಆಚಾರಿಗಳು ಒಟ್ಟಿಗೆ ಕೂತು ಮಾತಾಡಬೇಕಾದ್ದು ಇದನ್ನೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ವಿರಾಜಪೇಟೆ_ಕಡತ

ಕಾಗದ ಪತ್ರದ ಬಗ್ಗೆ ನಾನು ಹೇಳುತ್ತೇನೆ. ಮೊದಲು ನಿಮ್ಮ ಜಾಗ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಮರದ ಹಕ್ಕು ಬಿಡಿಸಿಕೊಂಡದ್ದು) ಹೌದಾ, ಅನ್‌ರಿಡೀಮ್ಡ್ ಹೌದಾ ಅಂತ ಆರ್‌ಟಿಸಿ (ಪಹಣಿ) ತೆಗೆಸಿ ನೋಡಿ. ಜಮ್ಮಾ, ಬಾಣೆ (ಕೊಡಗಿನ ಹಳೆ ಹಿಡುವಳಿ ಪದ್ಧತಿಯ ಜಾಗ) ಅಂತ ಇದ್ದರೆ ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಅನ್‌ರಿಡೀಮ್ಡ್ ಜಾಗದ ಮರದ ಮೇಲೆ ಸರ್ಕಾರಕ್ಕೆ ಹಕ್ಕು ಇರುತ್ತದೆ. ಖಾಸಗಿ ಜಾಗದ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯ ಆಗುತ್ತದೆ. ಗಾಳಿಗೆ ಬಿದ್ದ ಹಲಸಾದರೂ ಸಾಮಿಲ್ಲಿಗೆ ಸಾಗಿಸುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಕೇಳಿ. ದಾರಿಯಲ್ಲಿ ಲಾರಿ ಹಿಡಿದ ಮೇಲೆ ಓಡಾಡುವುದಕ್ಕಿಂತ ಅದು ಎಷ್ಟೋ ವಾಸಿ. ಹಳೆ ಮನೆಯ ತೊಲೆಗಳ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ, ಮನೆ ಬಿಚ್ಚಿದ ದಾಖಲೆ ಇದ್ದರೆ ಜೊತೆಗಿರಲಿ.

ಮುಚ್ಚಿಗೆ_ಕೆಲಸ

ಖರ್ಚಿನ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲ ಮರವನ್ನೂ ಅಂಗಡಿಯಿಂದ ಕೊಂಡು ತಂದರೆ ಮರದ ಮನೆ ಅಗ್ಗ ಆಗುವುದಿಲ್ಲ. ತೇಗದ ಬೆಲೆ ಕೇಳಿದರೆ ಸಾಕು. ಮಂಗಳೂರು ಬಂದರಿನಿಂದ ಬರುವ ಹೊರದೇಶದ ಮರವೂ ಇದೆ. ಅದನ್ನು ಹಡಗಿನಲ್ಲಿ ತರಿಸಿ ನಮ್ಮ ಹಲಸನ್ನು ಸೌದೆ ಮಾಡುವುದು ನನಗೆ ಒಪ್ಪಿಗೆ ಇಲ್ಲ. ನಿಮ್ಮ ಹತ್ತಿರ ಹಳೆ ತೊಲೆ ಇದೆ, ಹಲಸು ಇದೆ, ಸಿಲ್ವರ್ ಓಕ್ ಇದೆ. ನಿಮಗೆ ಕುಯ್ಯುವ ಕೂಲಿ, ಔಷಧಿ, ಆಚಾರಿ ಕೂಲಿ ಮಾತ್ರ. ಎರಡನೇ ಮಾಡಿನ ಕಬ್ಬಿಣ, ಶೀಟಿನ ಖರ್ಚು ಪೂರ್ತಿ ಉಳಿಯುತ್ತದೆ.

ಹಳೆ ತೊಲೆ ಮಾರಿಬಿಡಿ ಅಂತ ಯಾರಾದರೂ ಬರುತ್ತಾರೆ. ರೆಸಾರ್ಟ್‌ಗಳಿಗೆ, ಊರಾಚೆಗೆ ಹೋಗುತ್ತದೆ. ಐನ್‌ಮನೆಯ ಕಂಬ ಲಾರಿ ಹತ್ತುವುದನ್ನು ನೋಡಿ ಸಂಕಟ ಪಟ್ಟಿದ್ದೇನೆ. ಅಂಥ ಕೆಚ್ಚು ಇರುವ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕುಯ್ಯುವ ಮುಂಚೆ ಹಳೆ ಮೊಳೆ ಎಲ್ಲ ಕಿತ್ತು ತೆಗೆಸಿ, ಇಲ್ಲದಿದ್ದರೆ ಸಾಮಿಲ್ಲಿನವರು ಬ್ಲೇಡ್ ಹಾಳಾಗುತ್ತದೆ ಅಂತ ಮುಟ್ಟುವುದೇ ಇಲ್ಲ.

ಒಂದು ವಿಷಯ ಮರೆತಿದ್ದೆವು. ಹಿಂದೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಪಕ್ಕಾಸಿಗೆ ಮಸಿ ಹಿಡಿಯುತ್ತಿತ್ತು, ಹುಳ ದೂರ ಇರುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಹೊಗೆ ಇಲ್ಲ. ಹಾಗಾಗಿ ಹಳೆ ಮರ ಅಂತ ಔಷಧಿ ಬಿಡಬೇಡಿ, ಅದಕ್ಕೂ ಬೊರಾಕ್ಸ್ ಕೊಡಿಸಿ.

ಚೇರಂಬಾಣೆ_ತೋಟ

ಮನೆಯಲ್ಲಿ ಎಲ್ಲರೂ ಕೂತು ಓದಿದೆವು. ಮಗನೂ ಒಪ್ಪಿದ್ದಾನೆ. ಪಾಯ ಮತ್ತು ಜಗಲಿ ಕಲ್ಲು. ಗೋಡೆ ಇಟ್ಟಿಗೆ. ಬಚ್ಚಲು, ಅಡುಗೆಮನೆಯ ಮೇಲೆ ಮಾತ್ರ ಚಿಕ್ಕ ಸ್ಲ್ಯಾಬ್, ನೀರಿನ ಟ್ಯಾಂಕ್ ಅಲ್ಲೇ. ಉಳಿದದ್ದೆಲ್ಲ ಹೆಂಚಿನ ಮಾಡು, ಹಳೆ ತೊಲೆ, ಹಲಸಿನ ಕಂಬ, ಸಿಲ್ವರ್ ಓಕ್ ಮುಚ್ಚಿಗೆ. ಲೆಕ್ಕ ಹಾಕಿಕೊಡಲು ಸಿವಿಲ್ ಸರ್ ಅವರನ್ನೇ ಕೇಳುತ್ತಿದ್ದೇನೆ, ಬರುತ್ತೀರಾ? ಸಿಲ್ವರ್ ಓಕ್ ಈ ಡಿಸೆಂಬರಿನಲ್ಲಿ ಕಡಿಸಿದರೆ ಬೇಸಿಗೆಗೆ ಮುಚ್ಚಿಗೆ ಹಾಕಬಹುದಾ?

ಕುಶಾಲನಗರ_ಸಿವಿಲ್

ಬರುತ್ತೇನೆ ಮೇಡಂ. ತೊಲೆಗಳ ಅಗಲ, ಎತ್ತರ, ಉದ್ದ ಅಳೆದು ಕಳಿಸಿ. ಬಿರುಕು, ಗಂಟು ಎಲ್ಲಿದೆ ಅಂತ ಗುರುತು ಹಾಕಿ ಫೋಟೋ ಹಾಕಿ. ಅದನ್ನು ನೋಡಿ ಕೋಣೆಯ ಅಗಲ ನಿರ್ಧರಿಸೋಣ. ಪ್ಲಾನನ್ನು ಮರಕ್ಕೆ ಹೊಂದಿಸಿಕೊಂಡರೆ ತೊಲೆ ಕತ್ತರಿಸಿ ಹಾಳು ಮಾಡಬೇಕಾಗಿಲ್ಲ.

ಪೊನ್ನಂಪೇಟೆ_ಕಾಡು

ಡಿಸೆಂಬರ್, ಜನವರಿ ಕಡಿಯಲು ಒಳ್ಳೆ ಕಾಲ. ಆದರೆ ಅದೇ ಬೇಸಿಗೆಗೆ ಮುಚ್ಚಿಗೆ ಹಾಕಬೇಡಿ ಅಕ್ಕ. ಒಂದು ಇಂಚು ದಪ್ಪದ ಹಲಗೆ ನೆರಳಿನಲ್ಲಿ ಗಾಳಿಗೆ ಒಣಗಲು ಹೆಚ್ಚು ಕಡಿಮೆ ಒಂದು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ನಮ್ಮಲ್ಲಿ ನಡುವೆ ಮಳೆಗಾಲ ಬಂದು ಒಣಗುವುದು ನಿಂತೇ ಬಿಡುತ್ತದೆ. ಕಿಲ್ನ್ (ಮರ ಒಣಗಿಸುವ ಬಿಸಿ ಕೋಣೆ) ಇರುವ ಸಾಮಿಲ್ಲಿಗೆ ಕೊಟ್ಟರೆ ಬೇಗ ಆಗುತ್ತದೆ. ಮನೆಯಲ್ಲೇ ಒಣಗಿಸುವುದಾದರೆ ಕಡಿದ ಕೂಡಲೇ ಕುಯ್ಯಿಸಿ, ಹಸಿ ಇರುವಾಗಲೇ ಬೊರಾಕ್ಸ್ ನೀರಿನಲ್ಲಿ ಮುಳುಗಿಸಿ. ಆಮೇಲೆ ಕೊಟ್ಟಿಗೆಯಲ್ಲಿ ನೆಲದಿಂದ ಒಂದೂವರೆ ಅಡಿ ಮೇಲೆ ಅಟ್ಟಿ ಹಾಕಿ. ಎರಡು ಹಲಗೆಯ ನಡುವೆ ಒಂದೇ ದಪ್ಪದ ಪಟ್ಟಿ ಇಡಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಬರಲಿ, ಇಲ್ಲದಿದ್ದರೆ ಹಲಗೆ ತಿರುಚಿಕೊಳ್ಳುತ್ತದೆ. ಹಲಗೆಯ ತುದಿಗೆ ಪೇಂಟ್ ಬಳಿಯಿರಿ, ಸೀಳು ಕಡಿಮೆ ಬರುತ್ತದೆ.

ಮೊದಲ ಬೇಸಿಗೆ ಹಳೆ ತೊಲೆಯಲ್ಲಿ ಮಾಡು ಮುಗಿಸಿ ಹೆಂಚು ಹಾಕಿ. ಒಂದು ಮಳೆಗಾಲ ಎಲ್ಲಿ ಸೋರುತ್ತದೆ ಅಂತ ನೋಡಿ ಸರಿ ಮಾಡಿ. ಮುಚ್ಚಿಗೆ ಅದರ ಮುಂದಿನ ಜನವರಿ ನಂತರ. ಹಲಗೆಯ ತೇವ ಶೇ 12ರ ಆಸುಪಾಸು ಬಂದಿರಬೇಕು. ನನ್ನ ಹತ್ತಿರ ತೇವ ಅಳೆಯುವ ಮೀಟರ್ ಇದೆ, ಆ ಹೊತ್ತಿಗೆ ಇಲ್ಲೇ ಒಂದು ಮೆಸೇಜ್ ಹಾಕಿ, ತಂದು ನೋಡುತ್ತೇನೆ. ಕಡಿದ ಸಿಲ್ವರ್ ಓಕ್ ಜಾಗಕ್ಕೆ ಮುಂದಿನ ಜೂನ್‌ನಲ್ಲೇ ಹಲಸು, ಹೆಬ್ಬಲಸು ಸಸಿ ನೆಡಿ. ಸಸಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ ಇಲ್ಲಿ ಹಾಕುತ್ತೇನೆ.